ನಮ್ಮತ್ತೆ ಆರಿಸಿದ ಪಂಪು

ನಮ್ಮತ್ತೆ ಉಗುಳಿದರೆ ಅದು ಅಂಗಳದ ಬಿಸಿಲಿನಲ್ಲಿ ನವಿಲುಗರಿಯ ಹಾಗೆ ಹೊಳೆಯುತ್ತಿತ್ತು. ನಡುವೆ ಹಸಿರು, ಸುತ್ತ ನೇರಳೆ, ಅಂಚಿಗೆ ಚೂರು ಹಳದಿ. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಕಸ ಹೊಡೆಯಲು ಇಳಿದವಳು ಅದನ್ನು ಕಂಡು, ಇದೇನಪ್ಪಾ ಎಂದು ಬಗ್ಗಿ ನೋಡುತ್ತಾ ನಿಂತಿದ್ದೆ. ಬೇವಿನ ಮರಕ್ಕೆ ಒಂದು ಕೈ ಕೊಟ್ಟು ಕೆಮ್ಮುತ್ತಿದ್ದ ಹೆಂಗಸು ಮುಖ ಎತ್ತಿ, "ಏನ್ ನೋಡಾಕತ್ತಿ? ಡೀಜಲ್ ಅದು. ಮ್ಯಾಲ ಮಣ್ಣು ಹಾಕು, ಕೋಳಿ ತಿಂದಾವು," ಅಂದಳು. ಬಾಯಿಯ ಸುತ್ತ ಚರ್ಮ ಸುಲಿದು ಬೆಳ್ಳಗಾಗಿತ್ತು. ಹೊಸ ಸೊಸೆಗೆ ಅತ್ತೆ ಆಡಿದ ಮೊದಲ ಮಾತು ಇದು ಅಂದರೆ ಯಾರೂ ನಂಬುವುದಿಲ್ಲ, ಆದರೆ ಇದೇ.

ನಮ್ಮ ಊರು ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆ ಬಿಟ್ಟು ಒಳಗೆ, ಕಾಲುವೆಯ ಏರಿ ಹಿಡಿದು ಹೋದರೆ ಸಿಗುತ್ತದೆ. ಕಾಲುವೆಗೆ ನೀರು ಬಂದ ಮೇಲೆ ಜೋಳ, ತೊಗರಿ ಬೆಳೆಯುತ್ತಿದ್ದ ಹೊಲವೆಲ್ಲ ಭತ್ತದ ಗದ್ದೆಯಾಯಿತು. ಎತ್ತುಗಳು ಹೋದವು, ಟ್ರ್ಯಾಕ್ಟರ್ ಬಂದವು. ಸುಗ್ಗಿಗೆ ಎಲ್ಲೆಲ್ಲಿಂದಲೋ ಭತ್ತ ಕೊಯ್ಯುವ ದೊಡ್ಡ ಮಷಿನ್‌ಗಳು ಬಂದವು. ಎಲ್ಲಕ್ಕೂ ಡೀಸೆಲ್ ಬೇಕು, ಬಂಕು ಇದ್ದದ್ದು ಶಹಾಪುರದಲ್ಲಿ. ನಮ್ಮ ಮಾವ ಇದನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡು, ಬ್ಯಾರಲ್‌ಗಟ್ಟಲೆ ಡೀಸೆಲ್ ತಂದು ಮುಂದಿನ ಕೋಣೆಯಲ್ಲಿ ನಿಲ್ಲಿಸಿದ. ಮಾವ ಡೀಸೆಲ್ ಮಾರುತ್ತಿದ್ದ ಅಂತ ಊರವರು ಇವತ್ತಿಗೂ ಹೇಳುತ್ತಾರೆ. ಆತ ಮಾರಿದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಆತ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ, ನನ್ನ ಗಂಡ ಮತ್ತು ಮೈದುನ ಹೊಲಕ್ಕೆ ಹೋಗುತ್ತಿದ್ದರು. ಗಿರಾಕಿ ಕ್ಯಾನು ಹಿಡಿದು ಬಾಗಿಲಿಗೆ ಬಂದಾಗ ಏಳುತ್ತಿದ್ದವಳು ಅತ್ತೆ.

ಏಳುವುದು, ಬ್ಯಾರಲಿನ ಬಾಯಿಗೆ ರಬ್ಬರ್ ಪೈಪು ಇಳಿಸುವುದು, ಪೈಪಿನ ಇನ್ನೊಂದು ತುದಿಗೆ ತನ್ನ ಬಾಯಿ ಹಚ್ಚಿ ಜಗ್ಗುವುದು. ಡೀಸೆಲ್ ಪೈಪಿನಲ್ಲಿ ಏರಿ ಬರುವ ಹೊತ್ತಿಗೆ ಸರಿಯಾಗಿ ಬಾಯಿ ತೆಗೆದು ಪೈಪನ್ನು ಕ್ಯಾನಿಗೆ ಇಳಿಸಬೇಕು. ಕಣ್ಣು ಮಿಟುಕಿಸುವಷ್ಟು ತಡವಾದರೆ ಬಾಯಿ ತುಂಬ ಡೀಸೆಲ್. ಆಗ ಮಾತಾಡಿಸಿದರೆ, ನಕ್ಕರೆ, ಕೆಮ್ಮು ಬಂದರೆ ಅದು ಎದೆಗೇ ಇಳಿಯುತ್ತದೆ. ಗಿರಾಕಿಗಳು ಮಾತಾಡಿಸುತ್ತಲೇ ಇರುತ್ತಿದ್ದರು. ಬಾಯಿಗೆ ಹೋದದ್ದನ್ನು ಉಗುಳಿ, ಮಜ್ಜಿಗೆ ಮುಕ್ಕಳಿಸಿ, ಹಸಿ ಉಳ್ಳಾಗಡ್ಡಿ ಕಡಿದುಕೊಂಡು ಅತ್ತೆ ಮತ್ತೆ ಒಲೆಯ ಮುಂದೆ ಬಂದು ಕೂರುತ್ತಿದ್ದಳು. ಆಕೆಯ ನಾಲಿಗೆ ಯಾವಾಗಲೋ ಸತ್ತು ಹೋಗಿತ್ತು. ಪಲ್ಯಕ್ಕೆ ಎಷ್ಟು ಖಾರ ಹಾಕಿದರೂ "ಸಪ್ಪಗಾಗ್ಯಾದ, ನಿಮ್ಮವ್ವ ನಿನಗ ಏನ್ ಕಲಿಸ್ಯಾಳ," ಎಂದು ನನ್ನ ಮೇಲೆ ಹರಿಹಾಯುತ್ತಿದ್ದಳು. ನಾವು ಕಣ್ಣಲ್ಲಿ ನೀರು ತುಂಬಿಕೊಂಡು ಉಣ್ಣುತ್ತಿದ್ದ ಪಲ್ಯ ಅದು.

ಈ ಮನೆಯಲ್ಲಿ ಒಂದು ರೂಢಿ ಇತ್ತು. ಅತ್ತೆಯ ಅತ್ತೆ ಡಬ್ಬಿಯಿಂದ ಸೀಮೆಎಣ್ಣೆ ಜಗ್ಗಿ ಮಾರುತ್ತಿದ್ದಳಂತೆ. ಸೊಸೆ ಬಂದ ಕೂಡಲೇ ಒಲೆಯ ಜೊತೆಗೆ ಪೈಪನ್ನೂ ಅವಳ ಕೈಗೆ ಕೊಟ್ಟಳಂತೆ. ಸೊಸೆ ಬಂದರೆ ಅತ್ತೆಯ ಬಾಯಿಗೆ ರಜೆ, ಹೀಗೆ. ಇದನ್ನು ಯಾರೂ ಅನ್ಯಾಯ ಅಂದುಕೊಂಡಿರಲಿಲ್ಲ, ನೀರು ತರುವುದು ಹೇಗೋ ಇದೂ ಹಾಗೆ. ಹಾಗಾಗಿ ನನ್ನ ಮದುವೆಗೆ ಬಂದ ಬಳಗವೆಲ್ಲ ವಾಪಸು ಹೋದ ಮೇಲೆ ಮಾವ ಕಟ್ಟೆಯ ಮೇಲಿಂದಲೇ ಕೂಗಿದ: "ಇನ್ನ ಪೈಪು ಸೊಸಿ ಕೈಯಾಗ ಕೊಡು. ನಿಂದು ಸಾಕಾತು."

ಅತ್ತೆ ಬಾಗಿಲಿಗೆ ಬಂದಳು. "ಆಕಿ ಬಾಯಿ ಉಣ್ಣಾಕ ಬಂದದ. ನಿಮ್ಮ ಟ್ರ್ಯಾಕ್ಟರಿಗೆ ಹಾಲೂಡ್ಸಾಕ ಬಂದಿಲ್ಲ," ಅಂದಳು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡುವ ಹಾಗೆ ಅಂದಳು. ಮಾವ ಎಲೆಗೆ ಸುಣ್ಣ ಹಚ್ಚತೊಡಗಿದ.

ಅತ್ತೆಗೆ ನನ್ನ ಮೇಲೆ ಬಹಳ ಪ್ರೀತಿ ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ರೊಟ್ಟಿ ದಪ್ಪ, ನನ್ನ ನಿದ್ದೆ ಹೆಚ್ಚು, ನನ್ನ ತವರಿನವರು ಕೈ ಬಿಗಿ, ನಾನು ಸೀರೆ ಹಿಂಡಿದರೆ ನೀರು ಹೋಗುವುದಿಲ್ಲ. ದಿನ ಬೆಳಗಾದರೆ ಇದೇ ಪಾಠ. ಅಪ್ಪಿತಪ್ಪಿ ನಾನು ಮುಂದಿನ ಕೋಣೆಗೆ ಕಾಲಿಟ್ಟರೆ ಮಾತ್ರ ಪಾಠ ನಿಂತು ಚೀರಾಟ ಶುರುವಾಗುತ್ತಿತ್ತು. "ಹೊರಗ ಬಾ! ಆ ವಾಸನಿನೂ ಕುಡಿಬ್ಯಾಡ!" ಒಮ್ಮೆ ಆಕೆಗೆ ಜ್ವರ ಬಂದು ಮಲಗಿದಾಗ ಗಿರಾಕಿ ಬಂದ. ನಾನು ಪೈಪು ಹಿಡಿದುಕೊಂಡದ್ದು ಅಷ್ಟೇ, ಎದ್ದು ಬಂದು ನನ್ನ ಕೈಯ ಮೇಲೆ ಫಟ್ ಎಂದು ಹೊಡೆದಳು. ಜ್ವರದಲ್ಲೇ ಬಾಯಿ ಹಚ್ಚಿ ಜಗ್ಗಿದಳು. ಹೊಡೆತ ಬಿದ್ದ ಕೈ ಉರಿಯುತ್ತಿತ್ತು, ನನಗೆ ಅಳು ಬಂತು, ಯಾಕೆ ಅಂತ ಆಗ ಹೇಳಲು ಬರುತ್ತಿರಲಿಲ್ಲ.

ಕೆಮ್ಮು ವರ್ಷದಿಂದ ವರ್ಷಕ್ಕೆ ಏರಿತು. ಒಬ್ಬ ಗಿರಾಕಿ ನಗುತ್ತಾ, "ಅತ್ತಿ ಕೆಮ್ಮು ಕೇಳಿದ್ರ ಹಳೇ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದಂಗ ಆಗ್ತದ ನೋಡ್ರಿ," ಅಂದ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನನ್ನ ಮಾವ ನಕ್ಕ. ನನ್ನ ಗಂಡನೂ ನಕ್ಕ. ಆ ನಗು ನೆನಪಾದರೆ ನನ್ನ ಕೈಯಲ್ಲಿರುವ ಪಾತ್ರೆ ಇವತ್ತಿಗೂ ಜೋರಾಗಿ ಕೆಳಗೆ ಕೂರುತ್ತದೆ. ಅತ್ತೆ ಮಾತ್ರ ಅವನ ಕ್ಯಾನು ಅರ್ಧಕ್ಕೇ ನಿಲ್ಲಿಸಿ, "ಉಳಿದದ್ದು ನಗೂದು ಮುಗದ ಮ್ಯಾಲ ಬಂದು ಒಯ್ಯಿ," ಎಂದು ಒಳಗೆ ಹೋದಳು.

ನಾನು ಬಸುರಿಯಾದೆ. ಅದೇ ತಿಂಗಳಿನಿಂದ ಅತ್ತೆಗೆ ಉಸಿರು ಎಳೆಯುವುದೂ ಕಷ್ಟವಾಗತೊಡಗಿತು. ಪೈಪು ಜಗ್ಗಿದರೆ ಡೀಸೆಲ್ ಅರ್ಧಕ್ಕೆ ಬಂದು ವಾಪಸು ಬ್ಯಾರಲಿಗೆ ಇಳಿಯುತ್ತಿತ್ತು. ಆಕೆ ಎಷ್ಟು ದಿನ ನನ್ನನ್ನು ತಡೆದಾಳು? ಮನೆಯವರ ಕಣ್ಣು ಮೆಲ್ಲಗೆ ನನ್ನ ಕಡೆ ತಿರುಗಿತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಗಿರಾಕಿ ಬಂದಾಗ ಎಲ್ಲರೂ ನನ್ನನ್ನು ನೋಡುತ್ತಿದ್ದರು. ಆಗಲೇ ಅತ್ತೆ ಹಟ ಹಿಡಿದದ್ದು: ಮಷಿನ್ ತರ್ರಿ, ಕರೆಂಟಿಂದು ತರ್ರಿ, ಬ್ಯಾಟರಿದು ತರ್ರಿ, ಏನರ ತರ್ರಿ.

ತಂದರು. ಹೊಸದನ್ನಲ್ಲ. ನಮ್ಮ ಊರಲ್ಲಿ ಮೋಟರ್ ಅಂದರೆ ಒಂದೇ ಮೋಟರ್, ಪಾಳಿ ಇಲ್ಲದ ದಿನ ಕಾಲುವೆಯ ನೀರು ಕದ್ದು ಎತ್ತಿಕೊಳ್ಳುವ ಮೋಟರ್. ಪ್ರತಿ ಮನೆಯಲ್ಲೂ ಒಂದು ಇತ್ತು, ಪ್ರತಿ ಗಂಡಸೂ ಅದರ ಇಂಜಿನಿಯರ್ ಆಗಿದ್ದ. ನೀರು ಎತ್ತುವುದು ಡೀಸೆಲ್ ಎತ್ತದೇನು ಎಂದು ನನ್ನ ಗಂಡ ಅದನ್ನೇ ಬ್ಯಾರಲಿಗೆ ಹಚ್ಚಿದ. ಎತ್ತಿತು. ಕಟ್ಟೆಯ ಮೇಲಿದ್ದವರು ಭಲೇ ಅಂದರು. ಅತ್ತೆ ಮಾತ್ರ ಅದರ ಸುತ್ತ ಒಂದು ಸುತ್ತು ಹಾಕಿ, "ಇದು ನೀರಿಂದು. ಇದಕ್ಯಾಕ ಎಣ್ಣಿ ಕುಡಸ್ತಿ?" ಅಂದಳು. ಯಾರು ಕೇಳುತ್ತಾರೆ?

ಸ್ವಲ್ಪ ದಿನದಲ್ಲೇ ಮೋಟರಿನ ಒಳಗಿನ ರಬ್ಬರು ಡೀಸೆಲ್ಲಿಗೆ ಉಬ್ಬಿ ಹರಿಯಿತು. ಗಿರಾಕಿಯ ಕ್ಯಾನು ತುಂಬಲು ಸ್ವಿಚ್ ಹಾಕಿ ನನ್ನ ಗಂಡ ಹೊರಗೆ ಹರಟೆ ಹೊಡೆಯುತ್ತಿದ್ದ. ಡೀಸೆಲ್ ಕ್ಯಾನಿಗೆ ಹೋಗುವ ಬದಲು ಮೋಟರಿನ ಕೆಳಗಿಂದ ಸುರಿದು, ನೆಲದ ಇಳಿಜಾರು ಹಿಡಿದು, ಅಡಿಗೆಮನೆಯ ಹೊಸ್ತಿಲ ತನಕ ಬಂತು. ಒಳಗೆ ನಾನು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಜೋಳದ ಹಿಟ್ಟಿನ ವಾಸನೆಯ ಮೇಲೆ ಡೀಸೆಲ್ ವಾಸನೆ ಬಂತು, ಅದು ಆ ಮನೆಯಲ್ಲಿ ಹೊಸದೇನಲ್ಲ, ನಾನು ತಲೆ ಎತ್ತಲಿಲ್ಲ. ಅತ್ತೆ ಹಿಂಬಾಗಿಲಿಂದ ಓಡಿ ಬಂದಳು. ಒಲೆಯಲ್ಲಿ ಉರಿಯುತ್ತಿದ್ದ ಕಟ್ಟಿಗೆಯನ್ನು ಬರಿಗೈಯಲ್ಲಿ ಎಳೆದು ಹಿತ್ತಲಿನ ನೀರಿನ ಬಾನಿಗೆ ಎಸೆದಳು. ಉಳಿದ ಕೆಂಡಕ್ಕೆ ಹಿಟ್ಟು ಕಲಸಲು ಇಟ್ಟ ಬಿಂದಿಗೆ ನೀರು ಸುರಿದಳು. ನನ್ನ ರಟ್ಟೆ ಹಿಡಿದು ಹೊರಗೆ ದಬ್ಬಿದಳು. ಎಲ್ಲ ಮುಗಿದ ಮೇಲೆ ನೋಡಿದರೆ ಆಕೆಯ ಎರಡೂ ಅಂಗೈ ಬೊಬ್ಬೆ ಎದ್ದಿದ್ದವು.

ಅಷ್ಟಕ್ಕೆ ಬಿಡಲಿಲ್ಲ. ವಯರು ಕಿತ್ತು, ಆ ಬೆಂದ ಕೈಯಲ್ಲೇ ಮೋಟರನ್ನು ಎತ್ತಿ ನೀರಿನ ಬಿಂದಿಗೆಯ ಹಾಗೆ ಸೊಂಟಕ್ಕೆ ಇಟ್ಟುಕೊಂಡು ಕಾಲುವೆಯ ಏರಿ ಹತ್ತಿದಳು. ಹಿಂದೆ ಅರ್ಧ ಊರು. ನಡುವೆ ಕೆಮ್ಮಲು ನಿಂತಳು, ಮತ್ತೆ ನಡೆದಳು. ತುಂಬಿ ಹರಿಯುತ್ತಿದ್ದ ಕಾಲುವೆಗೆ ಮೋಟರನ್ನು ಎಸೆದಾಗ ನನ್ನ ಗಂಡ "ಅಯ್ಯೋ!" ಎಂದು ಚೀರಿದ. ಆ ದಿನ ಆತನ ಬಾಯಿಂದ ಬಂದ ಅಯ್ಯೋ ಅದೊಂದೇ. ಅವ್ವನ ಕೈಗಲ್ಲ, ಹೆಂಡತಿಗಲ್ಲ, ಹೊಟ್ಟೆಯಲ್ಲಿದ್ದ ಕೂಸಿಗಲ್ಲ. ಮೋಟರಿಗೆ.

"ನೀರಿಂದು ನೀರಿಗೆ ಹೋತು. ಈಗ ಎಣ್ಣಿದು ತರ್ರಿ," ಅಂದಳು ಅತ್ತೆ.

ಮನೆಗೆ ಬಂದವಳೇ ಮುಂದಿನ ಕೋಣೆಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸುಗ್ಗಿಯ ಕಾಲ. ಕೊಯ್ಯುವ ಮಷಿನ್ ಗದ್ದೆಯಲ್ಲಿ ನಿಂತಿತು, ಟ್ರ್ಯಾಕ್ಟರ್‌ಗಳು ಬಾಗಿಲಿಗೆ ಬಂದು ಹೋದವು. ಮಾವ ಕೂಗಾಡಿದ, ಬೀಗರನ್ನು ಕರೆಸಿದ, ಉಣ್ಣುವುದಿಲ್ಲ ಅಂದ. "ಉಣಬ್ಯಾಡ್ರಿ," ಅಂದಳು ಅತ್ತೆ. ಯಾದಗಿರಿಯಿಂದ ಆಕೆಯ ಅಣ್ಣ ಬಂದು, "ಈ ಮನ್ಯಾಗ ಸೊಸ್ತೇರು ಮಾಡಿಕೋತ ಬಂದದ್ದು ನಿನ್ನ ಸೊಸಿ ಮಾಡಿದ್ರ ಏನಾಗ್ತದ ತಂಗಿ?" ಎಂದು ಮೆತ್ತಗೆ ಕೇಳಿದ. ಅತ್ತೆ ಬಟ್ಟೆ ಸುತ್ತಿದ ಕೈಯಿಂದ ತನ್ನ ಎದೆ ತಟ್ಟಿ ತೋರಿಸಿದಳು. "ಕಿವಿ ಹಚ್ಚಿ ಕೇಳು. ಏನಾಗ್ತದ ಅಂತ ಇದು ಹೇಳ್ತದ." ಅಣ್ಣ ಆ ಸಂಜೆಯ ಬಸ್ಸಿಗೇ ವಾಪಸಾದ. ಮರುದಿನ ಮಾವ ಪಂಪು ತರಲು ಒಪ್ಪಿದ. ಅತ್ತೆ, "ನೀವು ತಂದದ್ದು ನೋಡೀನಿ. ನಾನೇ ಆರಿಸ್ತೀನಿ," ಎಂದು ನನ್ನನ್ನು ಕರೆದುಕೊಂಡು ಶಹಾಪುರದ ಬಸ್ಸು ಹತ್ತಿದಳು.

ಅಂಗಡಿಯವನು ಮೊದಲು ಎತ್ತಿ ತೋರಿಸಿದ್ದು ನೀರಿನ ಮೋಟರನ್ನೇ. "ಇದರ ಅಣ್ಣನ್ನ ಕಾಲುವಿಗೆ ಒಗದು ಬಂದೀನಿ. ಒಳಗಿಡು," ಅಂದಳು. ಆಮೇಲೆ ಕೈಯಿಂದ ತಿರುಗಿಸುವ ಪಂಪು ತಂದ. ಅತ್ತೆ ಅದರ ಹಿಡಿಕೆ ಹಿಡಿದು ತಿರುಗಿಸಿ ನೋಡಿದಳು, ಉಸಿರು ಕಟ್ಟಿ ಅಲ್ಲೇ ಕೂತಳು. ನನ್ನ ಹೊಟ್ಟೆ ನೋಡಿ ಬೇಡ ಎಂದು ತಲೆ ಆಡಿಸಿದಳು. ಆಗ ಅಂಗಡಿಯವನು ಡೀಸೆಲ್ಲಿಗೆಂದೇ ಮಾಡಿದ ಎರಡು ಪಂಪು ತಂದು ಟೇಬಲ್ ಮೇಲೆ ಇಟ್ಟ. ಒಂದು ಮನೆಯ ಕರೆಂಟಿನದು, ದೊಡ್ಡದು. ಇನ್ನೊಂದು ಬ್ಯಾಟರಿಯದು, ಸಣ್ಣದು, ಬ್ಯಾಟರಿಗೆ ಕಚ್ಚಿಸಲು ಎರಡು ಚಿಮಟಿಗೆ ಇರುವಂಥದ್ದು, ಕೆಂಪು ಒಂದು ಕಪ್ಪು ಒಂದು. ಕರೆಂಟಿನದೇ ಒಯ್ಯಿರಿ ಎಂದು ಹುರಿದುಂಬಿಸಿದ. ಜೋರಾಗಿ ಎಳೆಯುತ್ತದೆ, ಗಿರಾಕಿ ಕಾಯುವ ಹಾಗಿಲ್ಲ, ಬ್ಯಾಟರಿಯದು ಬಹಳ ಸಾವಕಾಶ.

"ಕರೆಂಟ್ ಹೋದ್ರ?"

"ಬಂದ ಮ್ಯಾಲ ನಡಿತದ್ರಿ ಅವ್ವಾರ."

"ನಮ್ಮ ಊರಾಗ ಕರೆಂಟ್ ಯಾವಾಗ ಹೋಗ್ತದ, ಯಾವಾಗ ಬರ್ತದ ದೇವರಿಗೆ ಗೊತ್ತು. ಹೋದಾಗ ಗಿರಾಕಿ ಬಂದು ಬಾಗಲಾಗ ನಿಂತ್ರ ಈಕಿ ಏನ್ ಮಾಡಬೇಕು?"

ಅಂಗಡಿಯವನು ನಕ್ಕ. "ಆ ಹೊತ್ತಿಗೆ ಪೈಪಿಲೆ ಜಗ್ಗಿದ್ರಾತು, ಅದರಾಗೇನದ."

"ಯಾರ ಬಾಯಿಲೆ?" ಅತ್ತೆ ಎದ್ದು ನಿಂತಳು. "ನಿನ್ನ ಬಾಯಿಲೆ ಏನಪಾ? ಬರ್ತಿ ನಮ್ಮೂರಿಗೆ?"

ಅಂಗಡಿಯಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಅಂಗಡಿಯವನು ಸಣ್ಣ ಪಂಪನ್ನು ಮುಂದಕ್ಕೆ ತಳ್ಳಿದ. ಆಮೇಲೆ, ಒಳ್ಳೆಯ ಮನುಷ್ಯನೇ ಇರಬೇಕು, ನನಗೆ ಕೂರಲು ಸ್ಟೂಲು ಕೊಟ್ಟು ಎಲ್ಲ ತಿಳಿಸಿದ. ಕಸ ಹೋಗದ ಹಾಗೆ ಪೈಪಿನ ತುದಿಗೆ ಜಾಳಿಗೆ ಹಾಕಬೇಕು. ಬ್ಯಾರಲ್ ಖಾಲಿಯಾದ ಮೇಲೂ ಓಡಿಸಿದರೆ ಪಂಪು ಸುಡುತ್ತದೆ. "ಪೆಟ್ರೋಲಿಗೆ ಮಾತ್ರ ಇದನ್ನ ಹಚ್ಚಬ್ಯಾಡ್ರಿ, ಒಂದ್ ಕಿಡಿಗೆ ಮನಿ ಹೋಗ್ತದ." ಅತ್ತೆ ಒಂದೊಂದಕ್ಕೂ "ಕೇಳಿದೇನು?" ಎಂದು ನನ್ನ ಪಕ್ಕೆಗೆ ತಿವಿದಳು. ಪಂಪಿಗೆಂದೇ ಬೇರೆ ಬ್ಯಾಟರಿಯನ್ನೂ ಕೊಂಡಳು. ಮನೆಯ ಹೊಸ್ತಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಈ ಬ್ಯಾಟರಿ ಪಂಪಿಂದು. ಟ್ರ್ಯಾಕ್ಟರಿಗೆ ಒಯ್ದೀರಿ, ಟಿವಿಗೆ ಒಯ್ದೀರಿ, ನೋಡ್ರಿ ಮತ್ತ."

ಪಂಪು ಸಾವಕಾಶ ಎಳೆಯುತ್ತಿತ್ತು, ಅಂಗಡಿಯವನು ಹೇಳಿದ್ದು ನಿಜ. ಗಿರಾಕಿಗಳು ಗೊಣಗಿದರು. ಅತ್ತೆ ಕೋಣೆಯ ಬಾಗಿಲಲ್ಲಿ ಗೋಣಿ ಹಾಸಿಕೊಂಡು ಕೂತು, ನಾನು ಚಿಮಟಿಗೆ ಹಚ್ಚುವುದನ್ನು ಕಾವಲು ಕಾಯುತ್ತಿದ್ದಳು. ತಾನು ಒಂದು ದಿನವೂ ಸ್ವಿಚ್ ಮುಟ್ಟಲಿಲ್ಲ. ಪಂಪು ಗುಂಯ್ ಅಂದಾಗ ಮುಖ ತಿರುವಿ, "ಸಾಕು, ಬಾಳ ಒದರಬ್ಯಾಡ," ಎಂದು ಅದಕ್ಕೂ ಬೈಯುತ್ತಿದ್ದಳು. ನನ್ನ ಮಗಳು ಹುಟ್ಟಿದಾಗ ಕೂಸನ್ನು ಎತ್ತಿಕೊಳ್ಳಲಿಲ್ಲ. ತನ್ನ ಮೈ ವಾಸನೆ ಕೂಸಿಗೆ ಹತ್ತುತ್ತದೆ ಎಂದು ದೂರದಿಂದ ನೋಡಿದಳು. ಅಷ್ಟು ಹೊತ್ತಿಗೆ ಆಕೆಗೆ ಕೂತಲ್ಲಿಂದ ಏಳಲೂ ಆಗುತ್ತಿರಲಿಲ್ಲ.

ಕಲಬುರಗಿಯ ದವಾಖಾನೆಯಲ್ಲಿ ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು, "ಇವರು ಬೀಡಿ ಸೇದ್ತಿದ್ರೇನು?" ಎಂದು ಕೇಳಿದರು. ಮಾವ ಒಂದು ಕ್ಷಣವೂ ತಡಮಾಡಲಿಲ್ಲ. "ಹೌದ್ರಿ ಸಾಹೇಬ್ರ. ಎಷ್ಟ್ ಹೇಳಿದ್ರೂ ಬಿಡಲಿಲ್ರಿ," ಅಂದ. ನನ್ನ ಗಂಡ ನೆಲ ನೋಡುತ್ತಾ ನಿಂತಿದ್ದ. ಜೀವಮಾನದಲ್ಲಿ ಒಂದು ಬೀಡಿ ಮುಟ್ಟದ ಹೆಂಗಸು! ನಾನು ಕೂಸನ್ನು ಗಂಡನ ಕೈಗೆ ತುರುಕಿ ಡಾಕ್ಟರ ಮೇಜಿನ ಮುಂದೆ ಹೋದೆ. ಏನೇನು ಅಂದೆನೋ, ನರ್ಸು ಬಂದು ಸದ್ದು ಮಾಡಬೇಡಿ ಅಂದಳು. ನಾನು ಸದ್ದು ಮಾಡಿದೆ. ಡೀಸೆಲ್ ಅಂದೆ, ಬಾಯಿಯಿಂದ ಅಂದೆ, ದಿನಾ ಅಂದೆ, ಇವರೆಲ್ಲ ನೋಡುತ್ತಾ ಕೂತಿದ್ದರು ಅಂದೆ. ಮಾವನಿಗೆ ಎದುರು ನಿಂತು ಮಾತಾಡಿದ್ದು ಅದೇ ಮೊದಲು. ಮಂಚದ ಮೇಲಿಂದ ಅತ್ತೆ ಕೈ ಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದಳು. ಮೂಗಿನ ನಳಿಗೆ ಸರಿಸಿ, "ಇನ್ನೂ ಜೋರ್ ಹೇಳು. ಅವರಿಗೆ ಕಿವಿ ಕೇಳ್ಸಂಗಿಲ್ಲ," ಅಂದಳು.

ಅತ್ತೆ ಆ ದವಾಖಾನೆಯಿಂದ ನಡೆದು ಹೊರಗೆ ಬರಲಿಲ್ಲ. ಮಣ್ಣಿಗೆ ಊರೆಲ್ಲ ಬಂದಿತ್ತು. ಬಹಳ ಕಷ್ಟಜೀವಿ ಅಂದರು, ಗಟ್ಟಿಗಿತ್ತಿ ಅಂದರು. ಕೆಮ್ಮಿಗೆ ನಕ್ಕವನೂ ಅಂದ.

ದಿನಕರ್ಮ ಮುಗಿದು ಬೀಗರೆಲ್ಲ ಹೋದ ಮರುದಿನ ಗಿರಾಕಿಯೊಬ್ಬ ಟ್ರ್ಯಾಕ್ಟರ್ ತಂದು ಬಾಗಿಲಿಗೆ ನಿಲ್ಲಿಸಿ ಕ್ಯಾನು ಹಿಡಿದು ಇಳಿದ. ನಾನು ಕೋಣೆಗೆ ಹೋಗಿ ನೋಡಿದರೆ ಪಂಪು ಇದೆ, ಬ್ಯಾಟರಿ ಇಲ್ಲ. ನಮ್ಮ ಟ್ರ್ಯಾಕ್ಟರಿನ ಬ್ಯಾಟರಿ ಸತ್ತಿತ್ತಂತೆ, ಮೈದುನ ಪಂಪಿನ ಬ್ಯಾಟರಿ ಹಾಕಿಕೊಂಡು ಸುರಪುರಕ್ಕೆ ಹೋಗಿದ್ದನಂತೆ. ಅಂತೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ನನ್ನ ಗಂಡ ಒಳಗೆ ಹೋದ. ಜಂತಿಗೆ ಸಿಕ್ಕಿಸಿದ್ದ ಹಳೆಯ ರಬ್ಬರ್ ಪೈಪು ತಂದ. ಅದರ ತುದಿಯನ್ನು ತನ್ನ ಟವೆಲ್ಲಿನಿಂದ ಒರೆಸಿದ, ನೀಟಾಗಿ ಒರೆಸಿದ, ಒರೆಸಿ ನನ್ನ ಮುಂದೆ ಹಿಡಿದ. ಕಟ್ಟೆಯ ಮೇಲಿಂದ ಮಾವ, "ಒಂದ್ ಸಲ ಜಗ್ಗವ್ವ, ಏನಾಗಂಗಿಲ್ಲ," ಅಂದ.

ಅಂಗಳದಲ್ಲಿ ಗಿರಾಕಿಯ ಟ್ರ್ಯಾಕ್ಟರ್ ನಿಂತಿತ್ತು. ಅದರೊಳಗೂ ಒಂದು ಬ್ಯಾಟರಿ ಇತ್ತು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಬಿದ್ದದ್ದು ನನ್ನ ಬಾಯಿ.

ನಾನು ಪೈಪನ್ನು ಬ್ಯಾರಲಿಗೆ ಇಳಿಸಿ, ಒರೆಸಿದ ತುದಿಯನ್ನು ಗಂಡನ ಕೈಗೆ ವಾಪಸು ಕೊಟ್ಟೆ. "ನೀವೇ ಜಗ್ರಿ. ನಿಮ್ಮವ್ವ ಜಗ್ಯಾಳ," ಅಂದೆ. ಆತ ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ. ಗಿರಾಕಿ ನೋಡುತ್ತಾ ನಿಂತಿದ್ದ, ಅವನ ಎದುರಿಗೆ ಆಗುವುದಿಲ್ಲ ಅನ್ನಲು ನಾಚಿಕೆ. ಬಾಯಿ ಹಚ್ಚಿದ, ಜಗ್ಗಿದ. ಯಾವಾಗ ಬಾಯಿ ತೆಗೆಯಬೇಕು ಅನ್ನುವುದು ಆತನಿಗೆ ಗೊತ್ತಿರಲಿಲ್ಲ, ಹುಟ್ಟಿದಾಗಿನಿಂದ ಕಣ್ಣೆದುರೇ ನಡೆದಿದ್ದರೂ ನೋಡಿರಲಿಲ್ಲ. ಹೊಸ್ತಿಲು ಹಿಡಿದು ಕೂತು ಕಾರಿದ. ಕಣ್ಣು ಮೂಗಿನಲ್ಲೆಲ್ಲ ನೀರು. ಮಾವ ಕಟ್ಟೆಯಿಂದ ಇಳಿದು, "ನೀರು ತಾ, ಮಜ್ಜಿಗಿ ತಾ!" ಎಂದು ನನ್ನ ಮೇಲೆ ಚೀರಿದ. ನಾನು ಪಂಪು ಎತ್ತಿಕೊಂಡು ಅಂಗಳಕ್ಕೆ ಹೋದೆ. ಗಿರಾಕಿಗೆ ಟ್ರ್ಯಾಕ್ಟರಿನ ಮುಚ್ಚಳ ಎತ್ತಲು ಹೇಳಿ, ಕೆಂಪು ಚಿಮಟಿಗೆ ಒಂದು ಕಡೆ, ಕಪ್ಪು ಚಿಮಟಿಗೆ ಇನ್ನೊಂದು ಕಡೆ ಹಚ್ಚಿ, ಪಂಪಿನ ಪೈಪನ್ನು ಬಾಗಿಲಿಂದ ಒಳಗೆ ಎಳೆದು ಬ್ಯಾರಲಿಗೆ ಇಳಿಸಿ ಸ್ವಿಚ್ ಒತ್ತಿದೆ. ಪಂಪು ಸಾವಕಾಶ, ಅದರ ಪಾಡಿಗೆ ಅದು, ಕ್ಯಾನು ತುಂಬಿತು.

"ಇದನ್ನ ಮೊದಲೇ ಹೇಳಬಾರದಿತ್ತೇನು ತಂಗಿ?" ಅಂದ ಗಿರಾಕಿ.

"ಹೇಳಿ ಹೇಳಿ ಅತ್ತಿ ಸತ್ತು ಹೋದ್ಳು," ಅಂದೆ.

ಆಮೇಲೆ ಮಜ್ಜಿಗೆ ಕೊಟ್ಟೆ, ಕೊಡಲಿಲ್ಲ ಅಂತ ಅಲ್ಲ. ಪಂಪಿನ ಬ್ಯಾಟರಿಯನ್ನು ಮತ್ತೆ ಯಾರೂ ಮುಟ್ಟಲಿಲ್ಲ. ನನ್ನ ಮಗಳು ಈಗ ದೊಡ್ಡವಳಾಗಿದ್ದಾಳೆ, ಊರಿಗೆ ಬಂಕು ಹತ್ತಿರವಾಗಿದೆ, ಬ್ಯಾರಲ್‌ಗಳು ಹಿತ್ತಲಲ್ಲಿ ನೀರು ತುಂಬಿಕೊಂಡು ನಿಂತಿವೆ. ನನ್ನ ಪಲ್ಯಕ್ಕೆ ಖಾರ ಹೆಚ್ಚಾದರೆ ನನಗೆ ಗೊತ್ತಾಗುತ್ತದೆ, ಉಪ್ಪು ಕಮ್ಮಿಯಾದರೆ ಗೊತ್ತಾಗುತ್ತದೆ. ಡೀಸೆಲ್ಲಿನ ರುಚಿ ಹೇಗಿರುತ್ತದೆ ಅನ್ನುವುದು ಮಾತ್ರ ಇವತ್ತಿಗೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಈಗ ಅದು ಗೊತ್ತಿರುವುದು ನನ್ನ ಗಂಡನೊಬ್ಬನಿಗೆ.